ದೇಶಕ್ಕೆ ಹೆಮ್ಮೆ, ಕಾಗದದಲ್ಲಿ ಪರದೇಶಿ

1985ರ ಅಕ್ಟೋಬರ್ ತಿಂಗಳು. ಜಪಾನಿನ ಬೇಸ್‌ಬಾಲ್ ಸೀಸನ್ನಿನ ಕೊನೇ ಪಂದ್ಯ. ಹಾನ್‌ಶಿನ್ ಟೈಗರ್ಸ್ ತಂಡದ ರಾಂಡಿ ಬಾಸ್ ಅನ್ನೋ ಅಮೆರಿಕದ ಆಟಗಾರ ಬ್ಯಾಟ್ ಹಿಡಿದು ನಿಂತಿದ್ದಾನೆ. ಆ ವರ್ಷ ಆಗಲೇ 54 ಹೋಮ್ ರನ್ ಬಾರಿಸಿದ್ದಾನೆ. ಇನ್ನೊಂದು ಬಾರಿಸಿದರೆ ಜಪಾನಿನ ರಾಷ್ಟ್ರೀಯ ದಾಖಲೆಗೆ ಸಮ, ಎರಡು ಬಾರಿಸಿದರೆ ದಾಖಲೆ ಆತನದೇ. ಎದುರಿಗಿರೋದು ಟೋಕಿಯೋದ ಯೋಮಿಯುರಿ ಜೈಂಟ್ಸ್. ಲೀಗ್ ಪ್ರಶಸ್ತಿ ಟೈಗರ್ಸ್‌ಗೆ ಅಂತ ಅಷ್ಟರಲ್ಲಿ ತೀರ್ಮಾನ ಆಗಿಹೋಗಿತ್ತು. ಆ ಪಂದ್ಯ ಯಾರು ಗೆದ್ದರೂ ಯಾರು ಸೋತರೂ ಏನೂ ವ್ಯತ್ಯಾಸ ಇರಲಿಲ್ಲ.

ಆದರೆ ಏನಾಯ್ತು ಗೊತ್ತಾ? ಬಾಸ್‌ಗೆ ಹೊಡೆಯೋಕೆ ಚೆಂಡೇ ಸಿಗಲಿಲ್ಲ. ಜೈಂಟ್ಸ್‌ನ ಪಿಚರ್‌ಗಳು ಬ್ಯಾಟಿಗೆ ಎಟುಕದ ಹಾಗೆ, ದೂರ ದೂರ ಚೆಂಡು ಎಸೆದರು. ಒಂದು ಸಲ ಅಲ್ಲ, ಎರಡು ಸಲ ಅಲ್ಲ, ನಾಲ್ಕು ಸಲ ಆತನನ್ನು ಹಾಗೇ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ಸಾಗಹಾಕಿದರು. ಬಾಸ್ ಲೆಕ್ಕ 54ಕ್ಕೇ ನಿಂತುಹೋಯ್ತು. ದಾಖಲೆ ಉಳಿಯಿತು.

ಆ ದಾಖಲೆ ಯಾರದು? ಜೈಂಟ್ಸ್ ತಂಡದ ಮ್ಯಾನೇಜರ್ ಆಗಿ ಅದೇ ಮೈದಾನದಲ್ಲಿ ಕೂತಿದ್ದ ಸದಾಹರು ಓ ಅವರದು. ಜಪಾನಿನ ಹೆಮ್ಮೆಯನ್ನು ಒಬ್ಬ ವಿದೇಶಿ ಕಿತ್ತುಕೊಳ್ಳಬಾರದು ಅನ್ನೋ ಹಠ ಅದರ ಹಿಂದಿತ್ತು ಅಂತ ಆಗಲೂ ಟೀಕೆ ಬಂತು, ಈಗಲೂ ಬರುತ್ತೆ.

ಇಲ್ಲೇ ಕಥೆಯ ತಿರುವು ಇರೋದು. ಯಾರ ಹೆಸರಿನಲ್ಲಿ ಈ ಕಾವಲು ನಡೀತೋ, ಆ ಸದಾಹರು ಓ ಅವರ ಹತ್ತಿರ ಜಪಾನಿನ ಪೌರತ್ವವೇ ಇರಲಿಲ್ಲ!

ಹಾಗಾದರೆ ಈ ಮನುಷ್ಯ ಯಾರು? ಬನ್ನಿ, ಮೊದಲಿಂದ ನೋಡೋಣ.

ಬೇಸ್‌ಬಾಲ್ ನಮ್ಮಲ್ಲಿ ಹೆಚ್ಚಿನವರಿಗೆ ಪರಿಚಯ ಇಲ್ಲ. ಎರಡೇ ಮಾತಲ್ಲಿ ಹೇಳಿಬಿಡ್ತೀನಿ. ಕ್ರಿಕೆಟ್ ಬೌಲರ್ ಥರ ಇಲ್ಲಿ ಪಿಚರ್. ಆತ ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ಎಸೀತಾನೆ. ಬ್ಯಾಟರ್ ಅದನ್ನು ಬಾರಿಸಿ ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಚೆಂಡು ಬೇಲಿ ದಾಟಿ ಬಿದ್ದರೆ ಹೋಮ್ ರನ್, ನಮ್ಮ ಸಿಕ್ಸರ್ ಇದ್ದ ಹಾಗೆ. ಆದರೆ ಬ್ಯಾಟರ್‌ಗೆ ಒಂದು ಪಂದ್ಯದಲ್ಲಿ ಸಿಗೋದು ನಾಲ್ಕೋ ಐದೋ ಅವಕಾಶ, ಅಷ್ಟೇ. ಮೂರು ಸ್ಟ್ರೈಕ್ ಆದರೆ ಔಟ್. ಪಿಚರ್ ನಾಲ್ಕು ಚೆಂಡನ್ನು ಗೆರೆಯ ಆಚೆ ಎಸೆದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ. ಇದಕ್ಕೆ ‘ವಾಕ್’ ಅಂತಾರೆ. ಈ ವಾಕ್ ಅನ್ನೋ ಪದ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನು ಫಸ್ಟ್ ಬೇಸ್‌ಮನ್. ಮೊದಲ ಬೇಸ್ ಕಾಯೋ ಆಟಗಾರ. ಬೇರೆಯವರು ಹಿಡಿದು ಎಸೆಯುವ ಚೆಂಡನ್ನು, ಒಂದು ಕಾಲು ಬೇಸ್ ಮೇಲಿಟ್ಟು ಮೈ ಚಾಚಿ ಹಿಡಿಯಬೇಕು. ಹೆಚ್ಚು ಓಡಾಟ ಇಲ್ಲ. ಎಡಗೈ ಆಟಗಾರರಿಗೆ ಹೇಳಿ ಮಾಡಿಸಿದ ಜಾಗ, ಯಾಕಂದ್ರೆ ಅವರ ಗ್ಲೌಸ್ ಬಲಗೈಯಲ್ಲಿರುತ್ತೆ, ಮೈದಾನದ ಕಡೆಗೆ. ಅದಕ್ಕೇ ತಂಡಗಳು ತಮ್ಮ ದೊಡ್ಡ ಹೊಡೆತಗಾರನನ್ನು ಸಾಮಾನ್ಯವಾಗಿ ಅಲ್ಲಿ ನಿಲ್ಲಿಸ್ತವೆ. ಸದಾಹರು 22 ವರ್ಷ ಕಾದದ್ದು ಇದೇ ಜಾಗವನ್ನು.

ಅವರು ಹುಟ್ಟಿದ್ದು 1940ರ ಮೇ ತಿಂಗಳಲ್ಲಿ, ಟೋಕಿಯೋದ ಸುಮಿದಾ ಪ್ರದೇಶದಲ್ಲಿ. ತಂದೆ ಚೀನಾದ ಝೆಜಿಯಾಂಗ್ ಪ್ರಾಂತ್ಯದಿಂದ ಹೊಟ್ಟೆಪಾಡಿಗೆ ಬಂದವರು. ತಾಯಿ ಜಪಾನಿನ ಹೆಣ್ಣುಮಗಳು. ಇಬ್ಬರೂ ಸೇರಿ ಚೀನೀ ನೂಡಲ್ಸ್ ಹೋಟೆಲ್ ನಡೆಸ್ತಿದ್ದರು. ಆ ದಿನಗಳಲ್ಲಿ ಚೀನಾ ಮೇಲೆ ಜಪಾನ್ ಯುದ್ಧ ಮಾಡ್ತಾ ಇತ್ತು. ಅಂಥ ಹೊತ್ತಲ್ಲಿ ಟೋಕಿಯೋದಲ್ಲಿ ಚೀನೀ ಹೆಸರಿನ ಮನೆ ಅಂದರೆ ಹೇಗಿರಬೇಕು, ಯೋಚನೆ ಮಾಡಿ. 1945ರ ಮಾರ್ಚ್‌ನಲ್ಲಿ ಅಮೆರಿಕದ ವಿಮಾನಗಳು ಸುರಿಸಿದ ಬೆಂಕಿಬಾಂಬಿಗೆ ಸುಮಿದಾ ಭಾಗ ಸುಟ್ಟು ಬೂದಿಯಾಯ್ತು. ಆಗ ಸದಾಹರುಗೆ ಐದು ವರ್ಷ ಕೂಡ ತುಂಬಿರಲಿಲ್ಲ. ತಾಯಿ ಮಗುವನ್ನು ಬೆನ್ನಿಗೆ ಹಾಕ್ಕೊಂಡು ಓಡಿ ಜೀವ ಉಳಿಸಿಕೊಂಡರು.

ಆಗಿನ ಜಪಾನ್ ಕಾನೂನು ಹೇಗಿತ್ತು ಅಂದರೆ, ಮಕ್ಕಳ ರಾಷ್ಟ್ರೀಯತೆ ಬರೋದು ತಂದೆಯಿಂದ. ತಾಯಿ ಜಪಾನಿನವಳಾದರೂ ಲೆಕ್ಕಕ್ಕಿಲ್ಲ. ಈ ಕಾನೂನು ಬದಲಾಗಿದ್ದು 1985ರಲ್ಲಿ. ಹಾಗಾಗಿ ಟೋಕಿಯೋದಲ್ಲೇ ಹುಟ್ಟಿ, ಜಪಾನೀ ಭಾಷೆಯನ್ನೇ ಆಡಿ ಬೆಳೆದ ಈ ಹುಡುಗ ಕಾಗದದಲ್ಲಿ ಮಾತ್ರ ಚೀನಾ ಗಣರಾಜ್ಯದ, ಅಂದರೆ ಇವತ್ತು ನಾವು ತೈವಾನ್ ಅನ್ನುವ ಸರ್ಕಾರದ ಪ್ರಜೆ. ಚೀನೀ ಭಾಷೆಯಲ್ಲಿ ಮನೆತನದ ಹೆಸರು ವಾಂಗ್. ಅದೇ ಅಕ್ಷರವನ್ನು ಜಪಾನಿನಲ್ಲಿ ‘ಓ’ ಅಂತ ಓದ್ತಾರೆ. ಅರ್ಥ ಏನು ಗೊತ್ತಾ? ರಾಜ!

ಅಪ್ಪನ ಆಸೆ ಬೇರೆ ಇತ್ತು. ದೊಡ್ಡ ಮಗ ಡಾಕ್ಟರ್ ಆಗಬೇಕು, ಚಿಕ್ಕವನು ಎಂಜಿನಿಯರ್ ಆಗಬೇಕು, ಚೀನಾದ ಊರಿನವರಿಗೆ ಉಪಯೋಗಕ್ಕೆ ಬರಬೇಕು. ದೊಡ್ಡವನು ಡಾಕ್ಟರ್ ಆದ. ಚಿಕ್ಕವನಿಗೆ ಚೆಂಡಿನ ಹುಚ್ಚು ಹಿಡೀತು. ಒಂದು ದಿನ ಮೈದಾನದ ಪಕ್ಕ ಹೋಗ್ತಿದ್ದ ಹಿರೋಶಿ ಅರಕಾವಾ ಅನ್ನೋ ವೃತ್ತಿಪರ ಆಟಗಾರ ಈ ಹುಡುಗನ ಆಟ ನೋಡಿ ನಿಂತರು. ಚೆಂಡು ಎಸೆಯೋದು ಎಡಗೈಯಲ್ಲಿ, ಬ್ಯಾಟ್ ಮಾಡೋದು ಮಾತ್ರ ಬಲಗೈಯಲ್ಲಿ. ಎಡಗೈಯಲ್ಲೇ ಬ್ಯಾಟ್ ಮಾಡಿ ನೋಡು ಅಂದರು. ಹುಡುಗ ಮಾಡಿದ, ಚೆಂಡು ದೂರ ಹೋಯ್ತು. ಆ ಒಂದು ಮಾತು ಅವನ ಬದುಕನ್ನೇ ತಿರುಗಿಸಿತು. ಈ ಅರಕಾವಾ ಇನ್ನೊಮ್ಮೆ ಬರ್ತಾರೆ, ನೋಡ್ತಾ ಇರಿ.

ಜಪಾನಿನಲ್ಲಿ ಕೋಶಿಯೆನ್ ಅಂತ ಒಂದು ಹೈಸ್ಕೂಲ್ ಬೇಸ್‌ಬಾಲ್ ಟೂರ್ನಿ ಇದೆ. ಅದನ್ನು ಇಡೀ ದೇಶ ಟಿವಿ ಮುಂದೆ, ರೇಡಿಯೋ ಮುಂದೆ ಕೂತು ಅನುಸರಿಸುತ್ತೆ. 1957ರ ವಸಂತದಲ್ಲಿ ವಾಸೆದಾ ಶಾಲೆಯ ತಂಡ ಅದನ್ನು ಗೆದ್ದಿತು. ಗೆಲ್ಲಿಸಿದ್ದು ಯಾರು? ಆ ತಂಡದ ಪಿಚರ್ ಸದಾಹರು ಓ. ಎಸೆದು ಎಸೆದು ಬೆರಳಿನ ಬೊಬ್ಬೆ ಒಡೆದು, ಚೆಂಡಿಗೆ ರಕ್ತ ಅಂಟುತ್ತಿತ್ತು. ಹುಡುಗ ಬಾಯಿ ಬಿಡದೆ ಆಡಿದ. ಜಪಾನ್ ಕೊಂಡಾಡಿತು.

ಅದೇ ವರ್ಷ ರಾಷ್ಟ್ರೀಯ ಕ್ರೀಡಾಕೂಟ ಬಂತು. ವಾಸೆದಾ ತಂಡಕ್ಕೆ ಆಹ್ವಾನ ಬಂತು. ಆದರೆ ನಿಯಮ ಏನು ಹೇಳುತ್ತೆ? ಜಪಾನಿನ ಪ್ರಜೆಗಳಿಗೆ ಮಾತ್ರ ಅವಕಾಶ. ತಂಡದ ಉಳಿದವರೆಲ್ಲ ಆಡಿದರು. ತಂಡವನ್ನು ಗೆಲ್ಲಿಸಿದವನಿಗೆ ಆಡೋಕೆ ಬಿಡಲಿಲ್ಲ. ಆಗ ಅವನಿಗೆ 17 ವರ್ಷ. ನಿನ್ನ ರಕ್ತ ಅಂಟಿದ ಚೆಂಡು ನಮ್ಮದು, ನೀನು ಮಾತ್ರ ನಮ್ಮವನಲ್ಲ ಅಂದ ಹಾಗಾಯ್ತು. ಕಿರುಚಿ ಹೇಳೋ ಅವಮಾನಕ್ಕಿಂತ ನಿಯಮ ತೋರಿಸಿ ಮಾಡೋ ಅವಮಾನ ಕೆಟ್ಟದ್ದು. ಅಲ್ಲಿ ಜಗಳ ಆಡೋಕೂ ಎದುರಿಗೆ ಒಬ್ಬ ಮನುಷ್ಯ ಸಿಗಲ್ಲ.

1959ರಲ್ಲಿ ಜಪಾನಿನ ಅತಿ ಜನಪ್ರಿಯ ತಂಡ ಯೋಮಿಯುರಿ ಜೈಂಟ್ಸ್ ಸದಾಹರುವನ್ನು ಸೇರಿಸಿಕೊಂಡಿತು. ಪಿಚರ್ ಆಗಿ ಬಂದ ಹುಡುಗನಿಗೆ, ಎಸೆಯೋದು ಬಿಡು, ಬ್ಯಾಟ್ ಮಾಡು, ಫಸ್ಟ್ ಬೇಸ್ ಕಾಯಿ ಅಂದರು. ಮೊದಲ ಪಂದ್ಯದಲ್ಲೇ ಆ ಕಾಲದ ಮಹಾ ಪಿಚರ್ ಮಸಾಯಿಚಿ ಕನೇದಾ ಎದುರಿಗೆ. ಎರಡು ಸಲ ಸ್ಟ್ರೈಕ್ ಔಟ್. ಮೊದಲ 26 ಅವಕಾಶಗಳಲ್ಲಿ ಒಂದೇ ಒಂದು ಹಿಟ್ ಇಲ್ಲ. ಕೊನೆಗೆ ಬಂದ ಮೊದಲ ಹಿಟ್ ಹೋಮ್ ರನ್ ಆಗಿತ್ತು ಅನ್ನೋದೊಂದೇ ಸಮಾಧಾನ. ವರ್ಷದ ಕೊನೆಗೆ ಸರಾಸರಿ 0.161, ಸ್ಟ್ರೈಕ್ ಔಟ್ 72. ಜನ ಸುಮ್ಮನಿರ್ತಾರಾ? ಹೆಸರಿನ ಅರ್ಥ ರಾಜ ಅಲ್ವಾ, ‘ಸ್ಟ್ರೈಕ್ ಔಟ್ ರಾಜ’ ಅಂತ ಸ್ಟೇಡಿಯಂ ತುಂಬಾ ಕೂಗಿ ಗೇಲಿ ಮಾಡಿದರು. ಮೂರು ವರ್ಷ ಹೀಗೇ ಕುಂಟುತ್ತಾ ಹೋಯ್ತು. 1961ರಲ್ಲಿ ಬರೀ 13 ಹೋಮ್ ರನ್.

1962ರಲ್ಲಿ ಜೈಂಟ್ಸ್‌ಗೆ ಹೊಸ ಬ್ಯಾಟಿಂಗ್ ಕೋಚ್ ಬಂದರು. ಯಾರು ಹೇಳಿ? ಅದೇ ಅರಕಾವಾ. ಹಳೇ ಹುಡುಗನ ರೋಗ ಏನು ಅಂತ ಅವರು ಪತ್ತೆ ಮಾಡಿದರು. ಸದಾಹರು ಬ್ಯಾಟ್ ಬೀಸೋ ಮೊದಲು ಕೈಯನ್ನು ಒಮ್ಮೆ ಹಿಂದಕ್ಕೆ ಎಳೀತಾನೆ. ಕಣ್ಣಿಗೆ ಕಾಣದಷ್ಟು ಸಣ್ಣ ತಡ. ಆದರೆ ವೇಗದ ಚೆಂಡಿನ ಮುಂದೆ ಆ ತಡವೇ ಸಾವು. ಎಷ್ಟು ಹೇಳಿದರೂ ಅಭ್ಯಾಸ ಬಿಡ್ತಿಲ್ಲ. ಆಗ ಅರಕಾವಾ ಒಂದು ವಿಚಿತ್ರ ಮದ್ದು ಕೊಟ್ಟರು. ಪಿಚರ್ ಎಸೆಯುವ ಹೊತ್ತಿಗೆ ಬಲಗಾಲು ಎತ್ತಿ, ಒಂಟಿ ಕಾಲಲ್ಲಿ ನಿಂತುಕೋ!

ಕೊಕ್ಕರೆ ಥರ ನಿಂತು ಬ್ಯಾಟ್ ಮಾಡೋದು ಅಂದರೆ ತಮಾಷೆಯಾ? ತಮಾಷೆ ಅಲ್ಲ. ಒಂಟಿ ಕಾಲಲ್ಲಿ ನಿಂತವನು ಕೈಯನ್ನು ಸುಮ್ಮನೆ ಹಿಂದಕ್ಕೆ ಎಳೆದರೆ ಆಯ ತಪ್ಪಿ ಬೀಳ್ತಾನೆ. ಅಂದರೆ ಬೈದು ಬಿಡಿಸೋಕಾಗದ ಚಾಳಿಯನ್ನು ದೇಹವೇ ಬಿಡಿಸುತ್ತೆ. ಜೊತೆಗೆ, ಎತ್ತಿದ ಕಾಲು ಮುಂದೆ ಊರಿದಾಗ ಮೈಯ ಭಾರವೆಲ್ಲ ಹೊಡೆತಕ್ಕೆ ಸೇರುತ್ತೆ. 1962ರ ಜುಲೈ 1ರಂದು ಮೊದಲ ಸಲ ಪಂದ್ಯದಲ್ಲಿ ಹಾಗೆ ನಿಂತರು. ಅವತ್ತೇ ಹೋಮ್ ರನ್ ಬಂತು. ಆ ವರ್ಷ ಮುಗಿಯೋ ಹೊತ್ತಿಗೆ 38. ಹಿಂದಿನ ವರ್ಷದ ಮೂರು ಪಟ್ಟು ಹತ್ತಿರ!

ಆದರೆ ಇದು ಒಂದೇ ದಿನದ ಪವಾಡ ಅಂತ ತಿಳ್ಕೋಬೇಡಿ. ಆಮೇಲೆ ಶುರುವಾಗಿದ್ದು ವರ್ಷಗಟ್ಟಲೆ ಸಾಧನೆ. ಐಕಿಡೋ ಅನ್ನೋ ಸಮರಕಲೆಯಿಂದ ಸಮತೋಲನ ಕಲಿತರು. ಕೋಣೆಯಲ್ಲಿ ಒಂದು ಕಾಗದದ ಪಟ್ಟಿ ನೇತುಹಾಕಿ, ನಿಜವಾದ ಕತ್ತಿಯಿಂದ ಅದನ್ನು ಕತ್ತರಿಸೋ ಅಭ್ಯಾಸ ಮಾಡಿದರು. ಗಾಳಿಗೆ ಅಲ್ಲಾಡೋ ಕಾಗದ ಬಲಕ್ಕೆ ಬಗ್ಗಲ್ಲ, ಅಲಗು ಸ್ವಲ್ಪ ಓರೆಯಾದರೂ ಕಾಗದ ಸರಿದುಹೋಗುತ್ತೆ, ತುಂಡಾಗಲ್ಲ. ಅರಕಾವಾ ಮನೆಯ ಚಾಪೆ ಸವೆದುಹೋಗುವಷ್ಟು ಸಲ ಬ್ಯಾಟ್ ಬೀಸಿದರು. ಜನ ನೋಡಿದ್ದು ಸ್ಟೇಡಿಯಂನ ಒಂಟಿ ಕಾಲು. ಚಾಪೆ ಸವೆದದ್ದನ್ನು ನೋಡಿದವರು ಎಷ್ಟು ಜನ?

ಇನ್ನು ಫಲ ಕೇಳಿ. 1962ರಿಂದ 1974ರವರೆಗೆ ಸತತ 13 ವರ್ಷ ಲೀಗಿನಲ್ಲಿ ಅತಿ ಹೆಚ್ಚು ಹೋಮ್ ರನ್ ಅವರದೇ. 1964ರಲ್ಲಿ ಒಂದೇ ಸೀಸನ್ನಿಗೆ 55, ಬಾಸ್ ಬೆನ್ನಟ್ಟಿದ್ದು ಇದೇ ದಾಖಲೆಯನ್ನ. ಅದೇ ವರ್ಷ ಹಿರೋಶಿಮಾ ತಂಡ ತನ್ನ ಫೀಲ್ಡರ್‌ಗಳನ್ನೆಲ್ಲ ಮೈದಾನದ ಬಲಭಾಗಕ್ಕೆ ಸರಿಸಿ ನಿಲ್ಲಿಸಿತು, ಯಾಕಂದ್ರೆ ಅವರ ಹೊಡೆತ ಹೋಗ್ತಿದ್ದದ್ದು ಆ ಕಡೆಗೇ. ಎಡಭಾಗ ಬಟಾಬಯಲು! ಆ ಕಡೆ ತಳ್ಳಿದ್ದರೆ ಸುಲಭದ ಹಿಟ್ ಸಿಗ್ತಿತ್ತು. ಆದರೂ ಅವರು ತಮ್ಮ ಹೊಡೆತ ಬದಲಿಸಲಿಲ್ಲ. ಫೀಲ್ಡರ್‌ಗಳ ತಲೆ ಮೇಲಿಂದಲೇ ಬೇಲಿ ದಾಟಿಸಿದರು.

ಅವರ ಜೊತೆಗಾರ ಶಿಗೆಯೋ ನಗಶಿಮಾ. ಇಬ್ಬರೂ ಸೇರಿ 1965ರಿಂದ 1973ರವರೆಗೆ ಜೈಂಟ್ಸ್‌ಗೆ ಸತತ ಒಂಬತ್ತು ಸಲ ಜಪಾನ್ ಸೀರೀಸ್ ಗೆದ್ದುಕೊಟ್ಟರು. ಆದರೆ ಒಂದು ವಿಷಯ ಗಮನಿಸಿ. ಅಂಕಿಅಂಶ ನೋಡಿದರೆ ಸದಾಹರು ಮುಂದೆ, ಜನರ ಮುದ್ದು ನೋಡಿದರೆ ನಗಶಿಮಾ ಮುಂದೆ. ಒಬ್ಬರಿಗೆ ಗೌರವ, ಇನ್ನೊಬ್ಬರಿಗೆ ಪ್ರೀತಿ. ಇದಕ್ಕೆ ಸ್ವಭಾವ ಕಾರಣವೋ, ಹೆಸರು ಕಾರಣವೋ? ಎರಡೂ ಇದ್ದೀತು ಅನ್ನೋರು ಜಪಾನಿನಲ್ಲೇ ಇದ್ದಾರೆ.

1977ರ ಸೆಪ್ಟೆಂಬರ್ 3. ಟೋಕಿಯೋದ ಕೊರಾಕುಯೆನ್ ಸ್ಟೇಡಿಯಂ. ಸದಾಹರು 756ನೇ ಹೋಮ್ ರನ್ ಹೊಡೆದರು. ಅಮೆರಿಕದ ಹ್ಯಾಂಕ್ ಆರನ್ ಅವರ 755ರ ಲೆಕ್ಕ ಹಿಂದೆ ಬಿತ್ತು. ವಯಸ್ಸಾದ ತಂದೆ ತಾಯಿ ಮೈದಾನಕ್ಕೆ ಇಳಿದು ಬಂದರು. ಎರಡು ದಿನ ಬಿಟ್ಟು ಪ್ರಧಾನಿ ತಾಕೆಯೋ ಫುಕುಡಾ ಅವರಿಗೆ ಜನತಾ ಗೌರವ ಪ್ರಶಸ್ತಿ ಕೊಟ್ಟರು. ಆ ಪ್ರಶಸ್ತಿ ಹುಟ್ಟಿದ್ದೇ ಆ ವರ್ಷ, ಅದನ್ನು ಪಡೆದ ಮೊದಲ ವ್ಯಕ್ತಿ ಸದಾಹರು. ಇಪ್ಪತ್ತು ವರ್ಷದ ಹಿಂದೆ ನೀನು ನಮ್ಮ ಪ್ರಜೆ ಅಲ್ಲ ಅಂತ ಕ್ರೀಡಾಕೂಟದಿಂದ ಹೊರಗಿಟ್ಟ ದೇಶ, ಈಗ ಪ್ರಜೆಗಳೆಲ್ಲರ ಪರವಾಗಿ ಅದೇ ವ್ಯಕ್ತಿಯನ್ನು ಗೌರವಿಸಿತು. ಅವತ್ತೂ ಅವರು ಜಪಾನಿನ ಪ್ರಜೆ ಆಗಿರಲಿಲ್ಲ. ಅಷ್ಟು ಎತ್ತರಕ್ಕೆ ಏರಿದ ಮೇಲೂ ತಂದೆಯಿಂದ ಬಂದ ಗುರುತನ್ನು ಅವರು ಬಿಟ್ಟುಕೊಡಲಿಲ್ಲ.

1980ರಲ್ಲಿ ನಿವೃತ್ತಿ. ಆ ವರ್ಷವೂ 30 ಹೋಮ್ ರನ್ ಬಂದಿತ್ತು. ಆದರೂ ತನ್ನ ಮಟ್ಟದ ಬ್ಯಾಟಿಂಗ್ ಇನ್ನು ತನ್ನಿಂದ ಆಗಲ್ಲ ಅಂತ ಬಿಟ್ಟರು. ಒಟ್ಟು 868 ಹೋಮ್ ರನ್. ಅಮೆರಿಕದ ಮೇಜರ್ ಲೀಗಿನಲ್ಲಿ ಇವತ್ತಿನ ದಾಖಲೆ ಬ್ಯಾರಿ ಬಾಂಡ್ಸ್ ಅವರ 762. ಹಾಗಾದರೆ 868 ವಿಶ್ವದಾಖಲೆಯಾ? ಅಮೆರಿಕದವರು ಒಪ್ಪಲ್ಲ. ಜಪಾನಿನ ಮೈದಾನಗಳು ಚಿಕ್ಕವು, ಪಿಚರ್‌ಗಳು ನಮ್ಮಷ್ಟು ಗಟ್ಟಿ ಅಲ್ಲ ಅಂತಾರೆ. ಅದರಲ್ಲಿ ಒಂದಿಷ್ಟು ನಿಜ ಇದೆ. ಆದರೆ ಜಪಾನಿನಲ್ಲಿ ಆಗ ಸೀಸನ್ನಿಗೆ 130–140 ಪಂದ್ಯ, ಅಮೆರಿಕದಲ್ಲಿ 162. ಅವಕಾಶ ಕಡಿಮೆ ಇತ್ತು ಅನ್ನೋದೂ ಅಷ್ಟೇ ನಿಜ. ನನ್ನ ಪ್ರಕಾರ ಹೋಲಿಕೆಗಿಂತ ಇನ್ನೊಂದು ಸಂಖ್ಯೆ ಮುಖ್ಯ. 2,390. ಅಷ್ಟು ಸಲ ಪಿಚರ್‌ಗಳು ಅವರಿಗೆ ವಾಕ್ ಕೊಟ್ಟಿದ್ದಾರೆ. ಅಂದರೆ ತನಗೆ ಹೆದರಿ ಚೆಂಡು ದೂರ ಎಸೆದಾಗ ಬ್ಯಾಟರ್‌ಗೆ ಹೇಗಾಗುತ್ತೆ ಅನ್ನೋದು ಜಪಾನಿನಲ್ಲಿ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಈಗ ಶುರುವಿನ ಪ್ರಶ್ನೆಗೆ ಬರೋಣ. ಹಾಗಾದರೆ 1985ರಲ್ಲಿ ಬಾಸ್‌ಗೆ ವಾಕ್ ಕೊಡಿ ಅಂತ ಹೇಳಿದ್ದು ಸದಾಹರುನಾ? ಅಂಥ ಆದೇಶ ಕೊಡಲಿಲ್ಲ ಅಂತ ಅವರು ಹೇಳಿದ್ದಾರೆ. ಬಾಸ್‌ಗೆ ಸ್ಟ್ರೈಕ್ ಎಸೆದರೆ ದಂಡ ಹಾಕ್ತೀವಿ ಅಂತ ಒಬ್ಬ ಕೋಚ್ ಬೆದರಿಸಿದ್ದರು ಅಂತ ಆ ತಂಡದಲ್ಲೇ ಇದ್ದ ಅಮೆರಿಕದ ಪಿಚರ್ ಆಮೇಲೆ ಹೇಳಿದರು. ಅದು ಅಲ್ಲಿಗೇ ಮುಗೀಲಿಲ್ಲ. 2001ರಲ್ಲಿ ಕಿಂತೆತ್ಸು ತಂಡದ ಟಫಿ ರೋಡ್ಸ್ 55 ಮುಟ್ಟಿದ. ಆಗ ಸದಾಹರು ಫುಕುವೋಕಾದ ಹಾಕ್ಸ್ ತಂಡದ ಮ್ಯಾನೇಜರ್. ಮತ್ತೆ ಅದೇ ಕಥೆ, ಹಾಕ್ಸ್ ಪಿಚರ್‌ಗಳು ದೂರ ದೂರ ಎಸೆದರು. ಓ ಅವರ ದಾಖಲೆ ವಿದೇಶಿಯ ಪಾಲಾಗೋದು ನೋಡೋಕೆ ಇಷ್ಟ ಇಲ್ಲ ಅಂತ ತಂಡದ ಒಬ್ಬ ಕೋಚ್ ಬಹಿರಂಗವಾಗೇ ಹೇಳಿದರು. ಲೀಗಿನ ಕಮಿಷನರ್ ಇದು ಕ್ರೀಡಾಮನೋಭಾವ ಅಲ್ಲ ಅಂತ ಖಂಡಿಸಬೇಕಾಯ್ತು. 2002ರಲ್ಲಿ ವೆನೆಜುವೆಲಾದ ಅಲೆಕ್ಸ್ ಕಬ್ರೆರಾ 55 ಮುಟ್ಟಿದ. ಅವನಿಗೂ ಹಾಕ್ಸ್ ತಂಡದಿಂದ ಇದೇ ಉಪಚಾರ.

2010ರಲ್ಲಿ ದಂಬುಲ್ಲಾದಲ್ಲಿ ಸೆಹ್ವಾಗ್ 99ರಲ್ಲಿದ್ದಾಗ ಶ್ರೀಲಂಕಾದ ಸೂರಜ್ ರಣದೀವ್ ಬೇಕಂತಲೇ ನೋಬಾಲ್ ಹಾಕಿದ್ದು ನಿಮಗೆ ನೆನಪಿದೆ ಅಲ್ವಾ? ನಮಗೆಲ್ಲ ಎಷ್ಟು ಸಿಟ್ಟು ಬಂದಿತ್ತು! ಶ್ರೀಲಂಕಾ ಮಂಡಳಿಯೇ ರಣದೀವ್ ಮೇಲೆ ಒಂದು ಪಂದ್ಯದ ನಿಷೇಧ ಹೇರಿತು. ಅದು ಒಂದು ಶತಕ ತಪ್ಪಿಸಿದ ಕಥೆ. ಇದು 17 ವರ್ಷದಲ್ಲಿ ಮೂರು ಸಲ ದಾಖಲೆಯೊಂದಕ್ಕೆ ಬೇಲಿ ಹಾಕಿದ ಕಥೆ.

ಸದಾಹರು ಆದೇಶ ಕೊಡಲಿಲ್ಲ ಅನ್ನೋದನ್ನು ನಂಬೋಣ. ಆದರೂ ಒಂದು ಮಾತು ಉಳಿಯುತ್ತೆ. ಅವರು ಮ್ಯಾನೇಜರ್. ತನ್ನ ಹೆಸರಲ್ಲಿ ನಡೀತಿರೋದು ತಪ್ಪು ಅಂತ ಕಂಡಾಗ, ನಿಲ್ಲಿಸಿ ಅಂತ ಗಟ್ಟಿಯಾಗಿ ಹೇಳೋ ಅಧಿಕಾರ ಅವರಿಗಿತ್ತು. 1985ರಲ್ಲಿ ಆ ದನಿ ಕೇಳಿಸಲಿಲ್ಲ. ದೊಡ್ಡವರ ದೊಡ್ಡತನ ಒಪ್ಪಿಕೊಂಡೇ ಈ ಮಾತು ಹೇಳಬೇಕು. ನಿಯಮದ ಹೆಸರಲ್ಲಿ ಹೊರಗೆ ನಿಂತ ನೋವು ಗೊತ್ತಿದ್ದವರು ಅವರು. ಅದಕ್ಕೇ ನಮ್ಮ ನಿರೀಕ್ಷೆ ಅವರ ಮೇಲೆ ಹೆಚ್ಚು.

ಮ್ಯಾನೇಜರ್ ಕೆಲಸ ಅವರಿಗೆ ಹೂವಿನ ಹಾಸಿಗೆ ಆಗಿರಲಿಲ್ಲ. 1996ರಲ್ಲಿ ಹಾಕ್ಸ್ ಸೋಲ್ತಾ ಇದ್ದಾಗ ಸ್ವಂತ ಅಭಿಮಾನಿಗಳೇ ತಂಡದ ಬಸ್ಸಿಗೆ ಮೊಟ್ಟೆ ಎಸೆದರು. ಮೂರು ವರ್ಷದಲ್ಲಿ, 1999ರಲ್ಲಿ, ಅದೇ ತಂಡಕ್ಕೆ ಜಪಾನ್ ಸೀರೀಸ್ ಗೆದ್ದುಕೊಟ್ಟರು. 2006ರಲ್ಲಿ ಮೊದಲ ವಿಶ್ವ ಬೇಸ್‌ಬಾಲ್ ಕ್ಲಾಸಿಕ್ ನಡೆದಾಗ ಜಪಾನ್ ತಂಡದ ಚುಕ್ಕಾಣಿ ಯಾರ ಕೈಗೆ ಬಂತು? ಸದಾಹರು ಓ ಕೈಗೆ. ಫೈನಲ್‌ನಲ್ಲಿ ಕ್ಯೂಬಾವನ್ನು 10–6ರಿಂದ ಸೋಲಿಸಿ ಜಪಾನ್ ಚಾಂಪಿಯನ್ ಆಯ್ತು. ಅದೇ ವರ್ಷ ಹೊಟ್ಟೆಯ ಕ್ಯಾನ್ಸರ್, ಜಠರವನ್ನೇ ತೆಗೆದುಹಾಕಿದ ಶಸ್ತ್ರಚಿಕಿತ್ಸೆ. ಮರುವರ್ಷ ಮತ್ತೆ ಮೈದಾನದಲ್ಲಿ ಹಾಜರ್.

ಕೊನೆಗೆ ಬೇಲಿ ಏನಾಯ್ತು? 2013ರ ಸೆಪ್ಟೆಂಬರ್ 15ರಂದು, ಕೆರಿಬಿಯನ್ನಿನ ಕುರಸಾವೊ ದ್ವೀಪದಿಂದ ಬಂದ ವ್ಲಾದಿಮಿರ್ ಬಾಲೆಂಟಿನ್ 56ನೇ ಹೋಮ್ ರನ್ ಬಾರಿಸಿದ. ಎದುರಿದ್ದ ಪಿಚರ್ ಚೆಂಡನ್ನು ಓಡಿಸದೆ ಅವನ ಮುಂದೆ ಎಸೆದಿದ್ದ. ಆತ 60ಕ್ಕೆ ನಿಲ್ಲಿಸಿದ. 49 ವರ್ಷದ ದಾಖಲೆ ಮುರೀತು. ಆಕಾಶ ಕಳಚಿ ಬೀಳಲಿಲ್ಲ. ಸದಾಹರು ಓ ಅವರ ಹೆಸರು ಕೂದಲೆಳೆಯಷ್ಟೂ ಚಿಕ್ಕದಾಗಲಿಲ್ಲ. ಅಷ್ಟು ವರ್ಷ ಕಾವಲು ಕಾದದ್ದು ಯಾತಕ್ಕೆ ಅನ್ನೋ ಪ್ರಶ್ನೆಗೆ ಇದಕ್ಕಿಂತ ಉತ್ತರ ಬೇಕಾ?

ಒಂದು ಕೊನೆಯ ವಿಷಯ ಹೇಳಿ ಮುಗಿಸ್ತೀನಿ. 2022ರ ಅಕ್ಟೋಬರ್ 3ರಂದು ಮುನೆತಾಕಾ ಮುರಕಾಮಿ ಅನ್ನೋ 22ರ ಹುಡುಗ, ಸೀಸನ್ನಿನ ತನ್ನ ಕೊಟ್ಟಕೊನೆಯ ಅವಕಾಶದಲ್ಲಿ 56ನೇ ಹೋಮ್ ರನ್ ಹೊಡೆದ. ಜಪಾನಿನ ಪತ್ರಿಕೆಗಳೆಲ್ಲ ಒಂದೇ ಮಾತು ಬರೆದವು: ಜಪಾನೀಯ ಆಟಗಾರರಲ್ಲಿ ಅತಿ ಹೆಚ್ಚು ಹೋಮ್ ರನ್, ಸದಾಹರು ಓ ದಾಖಲೆ ಪತನ.

ಜಪಾನೀಯ ಆಟಗಾರರಲ್ಲಿ! 1957ರಲ್ಲಿ ನಿಯಮದ ಪುಸ್ತಕ ತೆರೆದು ನೀನು ಜಪಾನೀಯ ಅಲ್ಲ ಅಂದಿದ್ದರು. 65 ವರ್ಷ ಆದ ಮೇಲೆ, ಯಾವ ಪುಸ್ತಕವನ್ನೂ ತೆರೆಯದೆ, ಅವರನ್ನು ಜಪಾನೀಯ ಅಂತಲೇ ಎಣಿಸಿದರು. ಈ ನಡುವೆ ಬದಲಾದದ್ದು ಸದಾಹರು ಅವರ ಕಾಗದ ಅಲ್ಲ.